ಕೋಳಿಯನ್ನು ಅಳಿಸಿ ಬಾತು ಬರೆದದ್ದು

ಮೊದಲ ವಾರ

ಗೋಡೆಗೆ ತೂಗುಹಾಕುವಷ್ಟು ದೊಡ್ಡ ಹಾಳೆಯಲ್ಲಿ ಸಾಕುಬಾತಿನ ಒಳಮೈಯ ಚಿತ್ರ. ಅದರ ಮೇಲೆ ಕ್ಯಾಲೆಂಡರಿನ ಹಾಗೆ ಮಗುಚಬಹುದಾದ ಪಾರದರ್ಶಕ ಹಾಳೆಗಳು, ಒಂದೊಂದು ವೈರಾಣುವಿಗೆ ಒಂದೊಂದು. ಹಾಳೆ ಇಳಿಸಿದರೆ ಸೋಂಕು ಎಲ್ಲಿ ಬೇರೂರಿದೆ, ದೇಹ ಎಲ್ಲಿಂದ ಎದುರು ನಿಂತಿದೆ ಎಂದು ಕಾಣಬೇಕು. ಎತ್ತಿದರೆ ಮತ್ತೆ ಆರೋಗ್ಯವಂತ ಹಕ್ಕಿ. ವೈರಾಣುವಿಗೆ ಕೆಂಪು ಶಾಯಿ, ದೇಹದ ಪ್ರತಿರೋಧಕ್ಕೆ ನೀಲಿ. ಯೋಜನೆ ಇಷ್ಟೇ.

ಅಡಿಚಿತ್ರಕ್ಕೆ ಕೈಗೆ ಸಿಕ್ಕಿದ್ದು ಕೋಳಿಯ ಅಂಗರಚನೆಯ ಒಂದು ಪಟ. ಕತ್ತನ್ನು ಎಳೆದು, ಕೊಕ್ಕನ್ನು ಚಪ್ಪಟೆ ಮಾಡಿ, ಕಾಲ್ಬೆರಳುಗಳ ನಡುವೆ ಪೊರೆ ಹೊಲಿದರೆ ಬಾತು ಆಯಿತಲ್ಲ ಎಂದುಕೊಂಡು ಒಂದೇ ಭಾನುವಾರ ಗೆರೆ ಎಳೆದು ಮುಗಿಸಿದೆ.

ಎರಡನೇ ವಾರ

ರಬ್ಬರಿಗೆ ಕೆಲಸ ಬಂತು. ಕೋಳಿಗೆ ನಮಗಿರುವಂಥ, ಸೋಂಕನ್ನು ಎದುರಿಸುವ ಕೋಶಗಳು ನೆಲೆಸುವ ದುಗ್ಧಗ್ರಂಥಿಗಳಿಲ್ಲ; ಹಾಗಾಗಿ ಪಟದಲ್ಲೂ ಇರಲಿಲ್ಲ, ನಾನೂ ಬರೆದಿರಲಿಲ್ಲ. ಬಾತಿಗೆ ಎರಡು ಜೊತೆ ಇವೆ: ಕತ್ತು ಎದೆಗೆ ಸೇರುವಲ್ಲಿ ಒಂದು ಜೊತೆ, ಸೊಂಟದ ಬಳಿ ಇನ್ನೊಂದು. ರಚನೆ ಸರಳ, ಆದರೆ ಇರುವುದಂತೂ ನಿಜ. ಅವಕ್ಕೆ ಜಾಗ ಮಾಡಲು ನಿರೋಧಕ ಕೋಶಗಳು ಪಳಗುವ ಥೈಮಸ್ ಗ್ರಂಥಿಯ ಹಾಲೆಗಳನ್ನು ಕತ್ತಿನ ಉದ್ದಕ್ಕೂ ಮತ್ತೆ ಜೋಡಿಸಬೇಕಾಯಿತು.

ಗುದದ ಮೇಲ್ಭಾಗದಲ್ಲಿರುವ ಫ್ಯಾಬ್ರಿಷಿಯಸ್ ಚೀಲ ಮಾತ್ರ ಎರಡು ಹಕ್ಕಿಗಳಿಗೂ ಸಮಾನ. ವೈರಾಣುವನ್ನು ಹಿಡಿಯುವ ಪ್ರತಿಕಾಯ ಹುಟ್ಟಲು ಈ ಚೀಲ ಬೇಕೆಂದು 1956ರಲ್ಲಿ ಗೊತ್ತಾದದ್ದು ಕೋಳಿಗಳಿಂದಲೇ. ಹಕ್ಕಿ ಬೆಳೆದಂತೆ ಅದು ಕುಗ್ಗುತ್ತದೆ. ಎಷ್ಟು ದೊಡ್ಡದಾಗಿ ಬರೆಯಬೇಕು ಎಂದು ಪೆನ್ಸಿಲ್ ಹಿಡಿದು ಕೂತಾಗ ಹೊಳೆಯಿತು: ನನ್ನ ಹಕ್ಕಿಗೆ ವಯಸ್ಸನ್ನೇ ಗೊತ್ತುಮಾಡಿಲ್ಲ. ಸದ್ಯಕ್ಕೆ ಮಧ್ಯಮ ಗಾತ್ರದಲ್ಲಿ ಬರೆದು ಬಿಟ್ಟಿದ್ದೇನೆ.

ಮೂರನೇ ವಾರ

ಇನ್‌ಫ್ಲುಯೆಂಜಾ ಹಾಳೆ. ಅಭ್ಯಾಸಬಲದಿಂದ ಕೆಂಪು ಶಾಯಿಯನ್ನು ಶ್ವಾಸಕೋಶದ ಮೇಲೆ ಇಟ್ಟಿದ್ದೆ. ಸೌಮ್ಯ ಬಗೆಯ ಹಕ್ಕಿಜ್ವರದ ವೈರಾಣು ಬಾತಿನಲ್ಲಿ ಮುಖ್ಯವಾಗಿ ಬೆಳೆಯುವುದು ಕರುಳಿನಲ್ಲಿ. ವೈರಾಣು ತಜ್ಞ ರಾಬರ್ಟ್ ವೆಬ್‌ಸ್ಟರ್ ಮತ್ತು ಸಂಗಡಿಗರು ಇದನ್ನು 1978ರಲ್ಲೇ ತೋರಿಸಿದ್ದರು. ಹಿಕ್ಕೆಯೊಂದಿಗೆ ವೈರಾಣು ನೀರಿಗಿಳಿಯುತ್ತದೆ, ಅದೇ ನೀರಿನಲ್ಲಿ ಪಕ್ಕದ ಬಾತು ಕೊಕ್ಕು ಅದ್ದುತ್ತದೆ. ಅಷ್ಟು ಕೆಂಪು ಸುರಿದರೂ ಹಕ್ಕಿ ಎಂದಿನಂತೆ ತಿನ್ನುತ್ತಿರುತ್ತದೆ, ಈಜುತ್ತಿರುತ್ತದೆ.

ತಂಗಿ ಬಂದು ನೋಡಿದಳು. “ಅಕ್ಕ, ಇದರಲ್ಲಿ ಕಾಯಿಲೆ ಎಲ್ಲಿದೆ?”

“ಇಲ್ಲ.”

“ಮತ್ತೆ ಇಷ್ಟೊಂದು ಕೆಂಪು ಯಾಕೆ ಬಳಿದಿದ್ದೀಯಾ?”

ಉತ್ತರ ಗೊತ್ತಿತ್ತು, ಆದರೆ ಚಿತ್ರ ಆ ಉತ್ತರವನ್ನು ಹೇಳುತ್ತಿರಲಿಲ್ಲ. ಸೋಂಕಿಗೂ ಕಾಯಿಲೆಗೂ ಒಂದೇ ಬಣ್ಣ ಕೊಟ್ಟದ್ದು ನನ್ನ ತಪ್ಪು. ಈಗ ವೈರಾಣುವಿಗೆ ಕೆಂಪು ಚುಕ್ಕಿ, ಅಂಗಕ್ಕೆ ಹಾನಿಯಾದಲ್ಲಿ ಕಪ್ಪು ಗೀಟು. ಈ ಹಾಳೆಯಲ್ಲಿ ಕಪ್ಪು ಇಲ್ಲವೇ ಇಲ್ಲ.

ನಾಲ್ಕನೇ ವಾರ

ಇಡೀ ವಾರ ಒಂದೇ ಜೀವಕೋಶದ ಮೇಲೆ ಕಳೆಯಿತು. ಮೂಲೆಯಲ್ಲಿ ತಟ್ಟೆಯಷ್ಟು ವೃತ್ತ ಬರೆದು, ಕಾಯಿಲೆ ಏಕಿಲ್ಲ ಎನ್ನುವುದನ್ನು ಅದರೊಳಗೆ ತೋರಿಸಬೇಕಿತ್ತು.

ಇನ್‌ಫ್ಲುಯೆಂಜಾ ವೈರಾಣುವಿನ ಆರ್‌ಎನ್‌ಎ ಎಳೆಯ ಒಂದು ತುದಿಯಲ್ಲಿ ಮೂರು ಫಾಸ್ಫೇಟುಗಳ ಗುರುತು ಇರುತ್ತದೆ. ಜೀವಕೋಶದ ದ್ರವದಲ್ಲಿ ನಮ್ಮದೇ ಆರ್‌ಎನ್‌ಎ ಓಡಾಡುವಾಗ ಆ ತುದಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ರಿಗ್-ಐ ಎಂಬ ಪ್ರೋಟೀನು ಈ ಬೆತ್ತಲೆ ತುದಿಯನ್ನು ಹಿಡಿಯುತ್ತದೆ, ಆಕಾರ ಬದಲಿಸುತ್ತದೆ, ಮೈಟೋಕಾಂಡ್ರಿಯದ ಮೇಲಿರುವ ಜೊತೆಗಾರನಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಎಚ್ಚರಿಕೆ ಸಾರುವ ಪ್ರೋಟೀನಾದ ಇಂಟರ್‌ಫೆರಾನ್ ಹೊರಟು ಅಕ್ಕಪಕ್ಕದ ಕೋಶಗಳು ಬಾಗಿಲು ಭದ್ರಪಡಿಸಿಕೊಳ್ಳುತ್ತವೆ. ಈ ಕಾವಲುಗಾರ ಬಾತಿಗಿದ್ದಾನೆ, ಕೋಳಿಗಿಲ್ಲ. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಾತಿನ ರಿಗ್-ಐ ವಂಶವಾಹಿಯನ್ನು ಕೋಳಿಯ ಜೀವಕೋಶಗಳಿಗೆ ಸೇರಿಸಿದಾಗ ಅವೂ ವೈರಾಣುವನ್ನು ಗುರುತಿಸತೊಡಗಿದವು. ಹಕ್ಕಿಜ್ವರದ ಉಗ್ರ ಬಗೆಯಾದ ಎಚ್5ಎನ್1 ಹೊಕ್ಕ ಬಾತುಗಳಲ್ಲಿ ಸೋಂಕಿನ ಮೊದಲ ಹಂತದಲ್ಲೇ ಈ ವಂಶವಾಹಿಯ ಚಟುವಟಿಕೆ 200 ಪಟ್ಟಿಗೂ ಮಿಗಿಲಾಗಿ ಏರಿತ್ತು.

ಹಾಗೆಂದು ಕೋಳಿ ಪೂರ್ತಿ ಕುರುಡಲ್ಲ. ಎಂಡಿಎ-5 ಎಂಬ ಇನ್ನೊಬ್ಬ ಕಾವಲುಗಾರ ಅದಕ್ಕೂ ಇದ್ದಾನೆ. ಬಾತಿನ ನಿರೋಧಕ ಶಕ್ತಿ ಕೋಳಿಯದಕ್ಕಿಂತ ಬಲವಾದದ್ದು ಎನ್ನುವವರಿದ್ದಾರೆ. ನನಗೆ ಅದು ಬಲದ ಮಾತು ಅನ್ನಿಸುವುದಿಲ್ಲ, ಹೊತ್ತಿನ ಮಾತು. ಬೇಗ ಎದ್ದು ಬೇಗ ಕೂತರೆ ಮನೆ ಉಳಿಯುತ್ತದೆ. ತಡವಾಗಿ ಎದ್ದವನು ಗಾಬರಿಯಲ್ಲಿ ಮನೆಯನ್ನೂ ಮುರಿಯುತ್ತಾನೆ.

ಚಿತ್ರದಲ್ಲಿ ರಿಗ್-ಐಗೆ ಇಕ್ಕಳದ ರೂಪ ಕೊಟ್ಟಿದ್ದೇನೆ. ಮೂರು ಸಲ ಬರೆದರೂ ಏಡಿಯ ಹಾಗೆಯೇ ಕಾಣುತ್ತದೆ. ಇರಲಿ.

ಐದನೇ ವಾರ

ನೀಲಿ ಶಾಯಿ ಒಣಗುವ ಮೊದಲೇ ಹಾಳೆ ಮಗುಚಿ ಇಡೀ ಕರುಳು ಕಲೆಯಾಯಿತು. ಒರೆಸಿ ಮತ್ತೆ ಬರೆದದ್ದೇ ಕೆಲಸ.

ಆರನೇ ವಾರ

ಯಕೃತ್ತು. ಎರಡು ವೈರಾಣುಗಳು, ಅಂಗ ಒಂದೇ, ನಡವಳಿಕೆ ಮಾತ್ರ ತದ್ವಿರುದ್ಧ.

ಒಂದು, ಬಾತಿನ ಹೆಪಟೈಟಿಸ್ ಎ. ಇದು ಮರಿಗಳ ಕಾಯಿಲೆ. ಆರು ವಾರದೊಳಗಿನವು, ಅದರಲ್ಲೂ ಮೊದಲ ವಾರದವು, ಗುಂಪುಗುಂಪಾಗಿ ಸಾಯುತ್ತವೆ. ಬೆಳಿಗ್ಗೆ ಓಡಾಡುತ್ತಿದ್ದ ಮರಿ ಪಕ್ಕಕ್ಕೆ ಉರುಳಿ, ಕಾಲು ಝಾಡಿಸಿ, ತಲೆಯನ್ನು ಬೆನ್ನಿನತ್ತ ಬಿಲ್ಲಿನಂತೆ ಬಾಗಿಸಿ ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ. ಯಕೃತ್ತು ಊದಿ ಅದರ ಮೈಯೆಲ್ಲ ರಕ್ತದ ಚುಕ್ಕೆ. ಅದೇ ಹಿಂಡಿನ ದೊಡ್ಡ ಬಾತುಗಳಿಗೆ ಏನೂ ಆಗುವುದಿಲ್ಲ. ತಾಯಿಗೆ ಲಸಿಕೆ ಹಾಕಿದರೆ ಪ್ರತಿಕಾಯ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಇಳಿದು ಆ ಕೆಟ್ಟ ದಿನಗಳನ್ನು ದಾಟಿಸುತ್ತದೆ.

ಎರಡನೆಯದು ಬಾತಿನ ಹೆಪಟೈಟಿಸ್ ಬಿ, 1980ರಲ್ಲಿ ಪೀಕಿಂಗ್ ಎಂಬ ತಳಿಯ ಬಾತುಗಳಲ್ಲಿ ಪತ್ತೆಯಾದದ್ದು. ಇದು ಮೊಟ್ಟೆಯೊಳಗಿಂದಲೇ ಭ್ರೂಣಕ್ಕೆ ದಾಟುತ್ತದೆ. ಒಡೆದು ಹೊರಬರುವ ಮೊದಲೇ ಪರಿಚಯವಾದ ವೈರಾಣುವನ್ನು ಮರಿಯ ದೇಹ ತನ್ನದೇ ಸರಕು ಎಂದು ಬಗೆಯುತ್ತದೆ. ರಕ್ತದ ತುಂಬ ವೈರಾಣು, ಯಕೃತ್ತಿನಲ್ಲಿ ಉರಿಯೂತ ಅತ್ಯಲ್ಪ, ಸೋಂಕು ಜೀವನಪರ್ಯಂತ. ಬೆಳೆದ ಬಾತಿಗೆ ತಗಲಿದರೆ ದೇಹ ಅದನ್ನು ಸಾಮಾನ್ಯವಾಗಿ ಹೊರದೂಡುತ್ತದೆ.

ಒಂದೇ ಹಾಳೆಯಲ್ಲಿ ಇವೆರಡನ್ನೂ ಹೇಗೆ ತೋರಿಸುವುದು? ಹಕ್ಕಿಯ ವಯಸ್ಸೆಷ್ಟು ಎಂಬ ಎರಡನೇ ವಾರದ ಪ್ರಶ್ನೆ ಮತ್ತೆ ಎದುರಿಗೆ ಬಂತು. ಕೊನೆಗೆ ಅಂಚಿನಲ್ಲಿ ಸೀಳು ಕೊಯ್ದು, ಜಾರುವ ರಟ್ಟಿನ ಪಟ್ಟಿಯೊಂದನ್ನು ತೂರಿಸಿದೆ: ಒಂದು ತುದಿಯಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಬೆಳೆದ ಬಾತು. ಪಟ್ಟಿ ಎಳೆದಂತೆ ಯಕೃತ್ತಿನ ಕಿಟಕಿಯಲ್ಲಿ ಬಣ್ಣ ಬದಲಾಗುತ್ತದೆ. ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಹೆಮ್ಮೆ ತಂದದ್ದು ಈ ಎರಡು ಬೆರಳಗಲದ ರಟ್ಟು. ಫ್ಯಾಬ್ರಿಷಿಯಸ್ ಚೀಲಕ್ಕೂ ಇದೇ ಉಪಾಯ ಮಾಡಿದೆ.

ಎಂಟನೇ ವಾರ

ಪ್ರತಿಕಾಯ ಎಂದರೆ ಇಂಗ್ಲಿಷಿನ ವೈ ಅಕ್ಷರ, ಎಲ್ಲರೂ ಹಾಗೇ ಬರೆಯುವುದು. ನಾನೂ ಮೂವತ್ತು ಪುಟ್ಟ ವೈಗಳನ್ನು ಬರೆದಿದ್ದೆ. ಬಾತು ಐಜಿವೈ ಎಂಬ ಪ್ರತಿಕಾಯವನ್ನು ಎರಡು ರೂಪದಲ್ಲಿ ತಯಾರಿಸುತ್ತದೆ: ಒಂದು ಪೂರ್ಣ, ಇನ್ನೊಂದು ಬುಡ ಮೊಟಕು. ಮೊಟಕಾದದ್ದರಲ್ಲಿ ಕಾಂಡದ ಕೊನೆಯ ಎರಡು ತುಂಡುಗಳೇ ಇಲ್ಲ. ವೈರಾಣುವನ್ನು ಹಿಡಿಯಬಲ್ಲದು, ಆದರೆ ಹಿಡಿದೆನೆಂದು ಉಳಿದ ಕೋಶಗಳನ್ನು ಕರೆಯುವ ಬಾಲ ಇಲ್ಲ. ಸೋಂಕು ಹಳೆಯದಾದಂತೆ ಈ ಮೊಟಕು ರೂಪವೇ ಹೆಚ್ಚುತ್ತದೆ. ಕೋಳಿಗೆ ಹೊಂದುವ ಕೆಲವು ರಕ್ತಪರೀಕ್ಷೆಗಳು ಬಾತಿನಲ್ಲಿ ಮಂಕಾದ ಉತ್ತರ ಕೊಡುವುದಕ್ಕೆ ಇದೂ ಒಂದು ಕಾರಣ.

ಇಪ್ಪತ್ತು ವೈಗಳ ಬುಡವನ್ನು ಬ್ಲೇಡಿನಿಂದ ಕೆರೆದು ತೆಗೆದೆ.

ಒಂಬತ್ತನೇ ವಾರ

ಬಾತುಪ್ಲೇಗು. ಹೆಸರು ಪ್ಲೇಗು, ವೈರಾಣು ಹರ್ಪಿಸ್ ಕುಲದ್ದು. 1923ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಮೊದಲು ವರದಿಯಾದದ್ದು. ಬಾತಿನ ಕರುಳಿನ ಸುತ್ತ ನಿರೋಧಕ ಅಂಗಾಂಶ ಉಂಗುರಗಳಾಗಿ ಕೂತಿರುತ್ತದೆ. ವೈರಾಣು ಹುಡುಕಿಕೊಂಡು ಹೋಗುವುದೇ ಅಲ್ಲಿಗೆ, ಉಂಗುರಗಳು ಕಡುಗೆಂಪಾಗಿ ಕರುಳಿನ ಹೊರಗಿನಿಂದಲೂ ಕಾಣುತ್ತವೆ. ಶಾಯಿ ಬಿಟ್ಟು ದಾರ ಸುತ್ತಿದೆ. ಬದುಕಿ ಉಳಿದ ಹಕ್ಕಿಯಲ್ಲಿ ವೈರಾಣು ಮುಖದ ನರದ ಗಂಟಿನಲ್ಲಿ ಅಡಗಿ ಕೂರಬಲ್ಲದು. ಅಲ್ಲಿಗೊಂದು ಕೆಂಪು ಚುಕ್ಕಿ.

ಹತ್ತನೇ ವಾರ

ಮೂರನೇ ವಾರದ ಕಪ್ಪಿಲ್ಲದ ಹಾಳೆಗೆ ಜೋಡಿ ಬೇಕಿತ್ತು. ಹಕ್ಕಿಜ್ವರದ ಸೌಮ್ಯ ವೈರಾಣುವಿನ ಹೊರಪ್ರೋಟೀನನ್ನು ಸೀಳಿ ಅದಕ್ಕೆ ಚಾಲನೆ ಕೊಡುವ ಕಿಣ್ವಗಳು ಕರುಳು, ಉಸಿರಾಟದ ನಾಳಗಳಂಥ ಕೆಲವೇ ಕಡೆ ಸಿಗುತ್ತವೆ. ಉಗ್ರ ಬಗೆಯದನ್ನು ದೇಹದಲ್ಲೆಲ್ಲ ಇರುವ ಫ್ಯೂರಿನ್ ಕಿಣ್ವವೇ ಸೀಳುತ್ತದೆ, ಹಾಗಾಗಿ ಅದಕ್ಕೆ ಮಿದುಳಿನ ದಾರಿಯೂ ತೆರೆದಿದೆ. ಬಾತು ಅದನ್ನೂ ಬಹುಕಾಲ ಸಹಿಸಿಕೊಂಡಿತ್ತು. 2002ರ ಕೊನೆಯಲ್ಲಿ ಹಾಂಗ್‌ಕಾಂಗ್‌ನ ಉದ್ಯಾನಗಳಲ್ಲಿ ಎಚ್5ಎನ್1ನಿಂದ ಬಾತುಗಳೂ ಸತ್ತವು. ಕತ್ತು ತಿರುಚುವುದು, ತೂರಾಡುವುದು, ಕಣ್ಣಿನ ಮೇಲೆ ಬಿಳಿ ಮಂಜು: ಈ ಹಾಳೆಯಲ್ಲಿ ಕಪ್ಪು ಗೀಟಿಗೆ ಬರವಿಲ್ಲ. ಗರಿಯ ಬುಡದ ಚರ್ಮದಲ್ಲೂ ಈ ವೈರಾಣು ಬೆಳೆಯುತ್ತದೆ ಎಂದು ತಿಳಿದು, ರೆಕ್ಕೆಗೆ ಕೆಂಪು ಚುಕ್ಕಿ ಇಡಲು ಒಂದು ಸಂಜೆ ಹಿಡಿಯಿತು.

ಮುಗಿಯಿತು ಎಂದು ಶೀರ್ಷಿಕೆ ಬರೆಯಲು ಹೋದೆ. ಅಷ್ಟರಲ್ಲಿ ಮಸ್ಕೋವಿ ಬಾತಿನ ನೆನಪಾಯಿತು. ಅದೂ ಸಾಕುಬಾತೇ, ಆದರೆ ಕುಲವೇ ಬೇರೆ. ಇದೇ ಎಚ್5ಎನ್1 ಪೀಕಿಂಗ್ ಬಾತಿಗಿಂತ ಅದನ್ನು ಹೆಚ್ಚು ಕಾಡುತ್ತದೆ. ಪೆನ್ಸಿಲಿನಲ್ಲಿ ಆಗಲೇ ಬರೆದಿದ್ದ “ಬಾತುಕೋಳಿ” ಎಂಬ ದಪ್ಪಕ್ಷರಗಳನ್ನು ಅಳಿಸಿ, ಅದೇ ಜಾಗದಲ್ಲಿ “ಪೀಕಿಂಗ್ ಬಾತು” ಎಂದು ತುರುಕಿದ್ದೇನೆ. ಕೊನೆಯ ಅಕ್ಷರ ಅಂಚಿಗೆ ತಾಗಿದೆ.