ಸೈಕಲಿಗೂ ಸಿಗ್ನಲ್ ಉಂಟಾ ಎಂದು ಕೇಳುವವರಿಗೆ

ಉಂಟು. ನಾನು ನಿಲ್ಲುತ್ತೇನೆ. ಉಡುಪಿಯಿಂದ ಮಣಿಪಾಲದ ಕಚೇರಿಗೆ ಸೈಕಲಿನಲ್ಲಿ ಹೋಗುವಾಗ ಕಲ್ಸಂಕದಲ್ಲಿ ಕೆಂಪು ದೀಪ ಬಿದ್ದರೆ, ಅಡ್ಡರಸ್ತೆ ಖಾಲಿ ಇದ್ದರೂ, ಜೂನ್ ತಿಂಗಳ ಮಳೆ ನೆತ್ತಿಯ ಮೇಲೆ ಹೊಯ್ಯುತ್ತಿದ್ದರೂ ನಿಲ್ಲುತ್ತೇನೆ. ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನು ಕಳುಹಿಸಿ ನನ್ನ ಕೆಲಸ ನೋಡಿಕೊಳ್ಳುವುದೆಂದು ತೀರ್ಮಾನಿಸಿದ್ದೇನೆ.

ಕೇಳುವವರಲ್ಲಿ ಎರಡು ಪಂಗಡಗಳಿವೆ. ಮೊದಲನೆಯವರು ಕನಿಕರದವರು: ‘ಸೈಕಲಿಗೆಂತ ಸಿಗ್ನಲ್ ಮಾರಾಯ್ರೆ, ಬದಿಯಲ್ಲಿ ನುಸುಳಿ ಹೋಗುವುದಲ್ಲವಾ?’ ಇವರ ಮೇಲೆ ನನಗೆ ಸಿಟ್ಟಿಲ್ಲ. ಎರಡನೆಯವರು ಆರೋಪಿಸುವವರು: ‘ನೀವು ಸೈಕಲಿನವರು ಸಿಗ್ನಲಿಗೆ ನಿಲ್ಲುವುದೇ ಇಲ್ಲವಲ್ಲ, ಯಾಕೆ?’ ಮಲ್ಪೆಯ ಕಡೆಯಿಂದ ಬುಟ್ಟಿ ಕಟ್ಟಿಕೊಂಡು ಬರುವ ಮೀನಿನವರು, ಟ್ಯೂಷನ್ನಿಗೆ ತಡವಾಯಿತೆಂದು ನಿಂತೇ ಪೆಡಲ್ ತುಳಿಯುವ ಹುಡುಗ, ಭಾನುವಾರ ಬೆಳಗ್ಗೆ ಬಣ್ಣಬಣ್ಣದ ಜರ್ಸಿ ತೊಟ್ಟು ಗುಂಪಾಗಿ ಹೊರಡುವವರು, ಇವರೆಲ್ಲರ ಪರವಾಗಿ ನಾನು ಒಬ್ಬನೇ ವಿವರಣೆ ಕೊಡಬೇಕೆಂಬುದು ಇವರ ನಿರೀಕ್ಷೆ. ಕಾರು ಇಟ್ಟುಕೊಂಡವರನ್ನು ಹಿಡಿದು, ಮೊನ್ನೆ ಅಂಬಲಪಾಡಿಯಲ್ಲಿ ಎದುರು ದಿಕ್ಕಿನಿಂದ ನುಗ್ಗಿ ಬಂದ ಯಾವುದೋ ಕಾರಿನ ಬಗ್ಗೆ ಉತ್ತರ ಕೊಡಿ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಈ ಪಂಗಡದ ಮುಂದಾಳು ನನ್ನ ಚಿಕ್ಕಮ್ಮನ ಮಗಳ ಗಂಡ, ಅಂದರೆ ನನಗೆ ಭಾವ. ಒಂದು ಉಪನಯನದ ಊಟದಲ್ಲಿ ಅವರ ಪಕ್ಕದ ಎಲೆ ನನ್ನದಾಯಿತು. ಸಾರು ಮುಗಿದು ಕೊದ್ದೆಲ್ ಬರುವಷ್ಟರಲ್ಲಿ ಅವರು ಆರಂಭಿಸಿಯೇ ಬಿಟ್ಟರು. ‘ನಿನಗೆ ಲೈಸೆನ್ಸ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಇನ್ಶೂರೆನ್ಸ್ ಇಲ್ಲ. ಸಿಗ್ನಲ್ ಹಾರಿದರೆ ನಿನಗೆ ಫೈನ್ ಹಾಕುವವರು ಯಾರು?’ ನಾನು ಹಾರುವುದಿಲ್ಲ ಭಾವ ಎಂದೆ. ‘ನೀನಲ್ಲ ಮಾರಾಯ, ನಿಮ್ಮವರು’ ಎಂದರು. ಅಷ್ಟರಲ್ಲಿ ಸಭಾಭವನದ ಗೇಟಿಗೆ ಅಡ್ಡವಾಗಿ ನಿಲ್ಲಿಸಿರುವ ಬಿಳಿ ಕಾರಿನವರು ದಯವಿಟ್ಟು ಕೂಡಲೇ ಬರಬೇಕೆಂದು ಮೈಕಿನಲ್ಲಿ ಕರೆದರು. ಭಾವ ಒಮ್ಮೆ ಆ ಕಡೆ ನೋಡಿ, ಊಟದ ನಡುವೆ ಎದ್ದು ಹೋಗಲಾಗುತ್ತದೆಯೇ ಎಂದು ಗೊಣಗಿ, ಕೊದ್ದೆಲಿಗೆ ಅನ್ನ ಕೇಳಿದರು.

ಅವರ ಪ್ರಶ್ನೆಯಲ್ಲಿ ಕಾನೂನಿನ ಮಟ್ಟಿಗೆ ಒಂದು ಅಂಶ ನಿಜವಿದೆ, ಅದನ್ನು ಮುಚ್ಚಿಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಂತೆ ಸೈಕಲ್ ಮೋಟಾರು ವಾಹನವಲ್ಲ, ಮತ್ತು ಸಂಚಾರ ಚಿಹ್ನೆಗಳನ್ನು ಪಾಲಿಸಬೇಕೆನ್ನುವ ಅದರ 119ನೇ ಕಲಮು ಮಾತನಾಡುವುದು ಮೋಟಾರು ವಾಹನದ ಚಾಲಕನ ಬಗ್ಗೆ. 2019ರ ತಿದ್ದುಪಡಿಯಲ್ಲಿ ಕೆಂಪು ದೀಪ ಹಾರುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದ್ದೂ ಅವನನ್ನು ಉದ್ದೇಶಿಸಿಯೇ. ಇಷ್ಟಕ್ಕೆ ಸೈಕಲ್ ಸವಾರ ಕಾನೂನಿನ ಹೊರಗೆ ಉಳಿದನೆಂದು ಭಾವ ಸಂಭ್ರಮಿಸಬೇಕಾಗಿಲ್ಲ. ರಸ್ತೆಯ ಎಲ್ಲ ಬಗೆಯ ಸಂಚಾರವನ್ನು ನಿಯಂತ್ರಿಸುವ ಅಧಿಕಾರವನ್ನು 1963ರ ಕರ್ನಾಟಕ ಪೊಲೀಸ್ ಕಾಯ್ದೆ ಕೊಟ್ಟಿದೆ. ಸಾರ್ವಜನಿಕ ರಸ್ತೆಯಲ್ಲಿ ಜೀವಕ್ಕೆ ಅಪಾಯವಾಗುವಂತೆ ದುಡುಕಿ ಯಾವುದೇ ವಾಹನ ಓಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಡಿ ಆರು ತಿಂಗಳವರೆಗೆ ಜೈಲಾಗಬಹುದು, ಅಲ್ಲಿ ಎಂಜಿನ್ ಇದೆಯೇ ಇಲ್ಲವೇ ಎಂಬ ಪ್ರಶ್ನೆ ಏಳುವುದಿಲ್ಲ. ಇನ್ನು ದಂಡದ ಭಯ ಇಲ್ಲದಿದ್ದರೆ ಮನುಷ್ಯ ನಿಲ್ಲುವುದೇ ಇಲ್ಲ ಎಂದು ಇಷ್ಟು ಸಲೀಸಾಗಿ ನಂಬುವವರ ಕಾರಿನ ಮುಂದೆ ಸೈಕಲ್ ಓಡಿಸುವುದು ನನಗೆ ಆತಂಕದ ವಿಷಯ.

ಅಮೆರಿಕದಲ್ಲಿ ಸೈಕಲಿನವರು ನಿಲ್ಲಬೇಕಾಗಿಲ್ಲವಂತೆ ಎಂದು ವಾಟ್ಸಾಪಿನಲ್ಲಿ ಬರುವುದು ಅರ್ಧ ಸತ್ಯ. ಐಡಾಹೊ ರಾಜ್ಯ 1982ರಷ್ಟು ಹಿಂದೆಯೇ ಸೈಕಲಿಗೆ ವಿನಾಯಿತಿ ಕೊಟ್ಟದ್ದು ಹೌದು. ‘ನಿಲ್ಲಿ’ ಎಂಬ ಫಲಕವಿರುವಲ್ಲಿ ಸೈಕಲಿನವರು ನಿಧಾನಿಸಿ, ಇತರರಿಗೆ ದಾರಿ ಬಿಟ್ಟು ಸಾಗಬಹುದು; ಆದರೆ ಕೆಂಪು ದೀಪದಲ್ಲಿ ನೇರ ಹೋಗುವವರು ಅಲ್ಲಿಯೂ ಮೊದಲು ನಿಲ್ಲಲೇಬೇಕು, ನೋಡಿಕೊಂಡು ಆಮೇಲೆ ಹೋಗಬಹುದು. ಪ್ಯಾರಿಸ್ಸಿನಲ್ಲಿ ಕೆಲವು ದೀಪಗಳ ಕೆಳಗೆ ಪುಟ್ಟ ಫಲಕ ಹಾಕಿ, ಬಲಕ್ಕೆ ತಿರುಗುವ ಸೈಕಲಿಗೆ ಕೆಂಪಿನಲ್ಲೂ ಹೋಗಲು ಬಿಟ್ಟಿದ್ದಾರೆ. ನಡೆದು ಬರುವವರಿಗೆ ಮೊದಲು ದಾರಿ ಬಿಡಬೇಕೆಂಬುದು ಅದರ ಷರತ್ತು. ಎಡಬದಿಯಲ್ಲಿ ಚಲಿಸುವ ನಮ್ಮಲ್ಲಿ ಇದಕ್ಕೆ ಸಮನಾದದ್ದು ಫ್ರೀ ಲೆಫ್ಟ್, ಮತ್ತು ಅದನ್ನು ಫಲಕ ಇದ್ದರೂ ಇಲ್ಲದಿದ್ದರೂ ಎಲ್ಲರೂ ಬಳಸುತ್ತಲೇ ಇದ್ದಾರೆ. ನಮ್ಮವರು ಬಿಟ್ಟದ್ದು ಆ ಷರತ್ತನ್ನು ಮಾತ್ರ.

ನಿಂತು ಮತ್ತೆ ತುಳಿಯುವುದು ಕಷ್ಟವಲ್ಲವೇ ಎಂದರೆ, ಕಷ್ಟವೇ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದವನು ಪೂರ್ತಿ ನಿಂತು ಮತ್ತೆ ಅದೇ ವೇಗಕ್ಕೆ ಏರಲು ವ್ಯಯಿಸುವ ಶಕ್ತಿ ಸುಮಾರು ಒಂದೂವರೆ ಮೀಟರ್ ಎತ್ತರವನ್ನು ಹತ್ತುವುದಕ್ಕೆ ಸಮ. ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತಬೇಕಾದವನಿಗೆ ಇದೊಂದು ಲೆಕ್ಕವೇ ಅಲ್ಲ.

ನಾನು ನಿಲ್ಲುವುದು ನಡೆಯುವವರಿಗಾಗಿ. ಕಲ್ಸಂಕದಲ್ಲಿ ನಮ್ಮ ಬದಿಗೆ ಕೆಂಪು ಬಿದ್ದಾಗ ಕೃಷ್ಣಮಠದ ಕಡೆಯಿಂದ ಪರವೂರಿನ ಯಾತ್ರಿಕರು, ಬ್ಯಾಗು ಹಿಡಿದ ಮುದುಕಿಯರು, ಮಕ್ಕಳನ್ನು ಎಳೆದುಕೊಂಡು ಬರುವ ಸಂಸಾರಗಳು ರಸ್ತೆಗೆ ಇಳಿಯುತ್ತಾರೆ. ನಿಂತ ಬಸ್ಸುಗಳನ್ನು ನೋಡಿ ಅವರು ಧೈರ್ಯ ಮಾಡಿರುತ್ತಾರೆ. ಆ ಬಸ್ಸಿನ ಮರೆಯಿಂದ ಸದ್ದಿಲ್ಲದೆ ಹೊರಬರುವ ಸೈಕಲನ್ನು ಅವರು ನಿರೀಕ್ಷಿಸಿರುವುದಿಲ್ಲ. ಸೈಕಲ್ ಹಗುರ, ಯಾರಿಗೂ ಏನೂ ಆಗುವುದಿಲ್ಲ ಎನ್ನುವವರು ಸೈಕಲ್ ಮತ್ತು ಸವಾರ ಸೇರಿ ತೊಂಬತ್ತು ಕಿಲೋ ತೂಗುತ್ತೇವೆ ಎಂಬುದನ್ನು ನೆನಪಿಟ್ಟುಕೊಳ್ಳಲಿ. ಎರಡನೆಯ ಕಾರಣ ಸ್ವಾರ್ಥದ್ದು: ಈ ಹೆದ್ದಾರಿಯಲ್ಲಿ ಬಸ್ಸೂ ನಾನೂ ಒಂದೇ ನಿಯಮಕ್ಕೆ ಒಳಪಡುವ ಜಾಗ ಸಿಗ್ನಲ್ ಒಂದೇ. ಬೇರೆ ಕಡೆ ‘ಟೈಮ್’ ಹಿಡಿಯಲು ಓಡುವ ಬಸ್ಸು ನನ್ನನ್ನು ಲೆಕ್ಕಕ್ಕೇ ಇಡುವುದಿಲ್ಲ. ಆ ಒಂದು ನಿಯಮವನ್ನು ನಾನೇ ಮುರಿದು, ಆಮೇಲೆ ಬಸ್ಸಿನವರ ಮೇಲೆ ದೂರು ಹೇಳಲು ಬಾಯಿ ಎಲ್ಲಿಂದ ತರಲಿ?

ಕೆಂಪಿನಲ್ಲಿ ನಿಲ್ಲುತ್ತೀಯಾ ಎಂದು ಕೇಳುವವರು ಹಸಿರು ನಿನಗೆ ಸಾಕಾಗುತ್ತದೆಯೇ ಎಂದು ಒಮ್ಮೆಯೂ ಕೇಳಿಲ್ಲ. ಸಾಕಾಗುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು 25 ಮೀಟರ್ ಅಗಲದ ಜಂಕ್ಷನ್ ದಾಟಲು ಎರಡು ಸೆಕೆಂಡಿಗಿಂತ ತುಸು ಹೆಚ್ಚು ಸಾಕು; 15ರ ವೇಗದ ಸೈಕಲಿಗೆ ಆರು ಸೆಕೆಂಡು ಬೇಕು. ಹಳದಿ ದೀಪದ ಅವಧಿಯನ್ನು ಕಾರಿನ ವೇಗಕ್ಕೆ ತಕ್ಕಂತೆ ಇಟ್ಟರೆ, ಹಸಿರಿನ ಕೊನೆಯ ಕ್ಷಣದಲ್ಲಿ ನಿಯಮಬದ್ಧವಾಗಿಯೇ ಒಳಹೊಕ್ಕ ಸೈಕಲ್ ಸವಾರ ಜಂಕ್ಷನ್ನಿನ ನಡುವೆ ಇರುವಾಗಲೇ ಅಡ್ಡರಸ್ತೆಯವರು ಹೊರಟಿರುತ್ತಾರೆ. ದೂರದಿಂದ ನೋಡುವ ಭಾವನಿಗೆ ಆಗ ಕಾಣುವುದು ‘ಸಿಗ್ನಲ್ ಹಾರಿದ ಸೈಕಲಿನವನು’. ಕೋಪನ್‌ಹೇಗನ್ನಿನ ಕೆಲವು ಮುಖ್ಯರಸ್ತೆಗಳಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದ ಸೈಕಲಿಗೆ ಸಾಲು ಸಾಲಾಗಿ ಹಸಿರು ಸಿಗುವಂತೆ ದೀಪಗಳನ್ನು ಹೊಂದಿಸಿದ್ದಾರೆ. ನಾನು ಅಷ್ಟು ಕೇಳುತ್ತಿಲ್ಲ. ಎಲ್ಲ ಬದಿಗೂ ಒಟ್ಟಿಗೆ ಕೆಂಪು ಇರುವ ಮೂರು ನಾಲ್ಕು ಸೆಕೆಂಡು ಹೆಚ್ಚಿಗೆ ಕೊಟ್ಟರೆ ಮುದುಕಿಯರಿಗೂ ಉಪಕಾರವಾಗುತ್ತದೆ.

ಎಲ್ಲಿ ನಿಲ್ಲುತ್ತೀಯಾ ಎಂದೂ ಯಾರಾದರೂ ಕೇಳಬಹುದಿತ್ತು. ರಸ್ತೆಯ ಎಡ ಅಂಚಿನಲ್ಲಿ, ಬಸ್ಸಿನ ಪಕ್ಕದಲ್ಲಿ ನಿಂತರೆ ಚಾಲಕನ ಕಣ್ಣಿಗೆ ನಾನು ಕಾಣುವುದಿಲ್ಲ, ಮತ್ತು ಅವನು ಗುಂಡಿಬೈಲಿನ ಕಡೆಗೆ ಎಡಕ್ಕೆ ತಿರುಗಿಸಿದರೆ ಹಿಂದಿನ ಚಕ್ರಗಳು ಒಳಬದಿಗೆ ಸರಿದು ಬರುವುದು ನಾನಿದ್ದ ಜಾಗಕ್ಕೇ. ಆದ್ದರಿಂದ ನಾನು ಬಸ್ಸಿನ ಮುಂದೆ, ಲೇನಿನ ನಡುವೆ ನಿಲ್ಲುತ್ತೇನೆ. ಕೆಲವರು ಅದನ್ನು ದರ್ಪ ಎನ್ನುತ್ತಾರೆ. ಲಂಡನ್ನಿನಲ್ಲಿ ಇದಕ್ಕೆಂದೇ ವಾಹನಗಳ ಗೆರೆಗಿಂತ ಮುಂದೆ ಸೈಕಲಿಗೆ ಒಂದು ಚೌಕ ಬರೆದಿರುತ್ತಾರೆ. ಇಲ್ಲಿ ಅಂಥ ಚೌಕ ಬರೆದರೆ ಮೊದಲ ದಿನವೇ ಅದರೊಳಗೆ ಎಂಟು ಸ್ಕೂಟರು ಮತ್ತು ಒಂದು ರಿಕ್ಷಾ ನಿಂತಿರುತ್ತವೆ ಎಂಬುದು ನನಗೆ ಗೊತ್ತು. ಆದರೂ ಬರೆಯಲಿ, ಪೊಲೀಸರು ಒಂದು ವಾರ ಪಕ್ಕದಲ್ಲಿ ನಿಂತು ಸ್ಕೂಟರುಗಳನ್ನು ಹಿಂದೆ ಕಳುಹಿಸಲಿ, ಎಂಟನೆಯ ದಿನ ಏನಾಗುತ್ತದೆಂದು ನೋಡೋಣ.