ಡೆಮೊ ತೋರಿಸುವವರು ಬೇರೆ, ಕೆಲಸ ಮಾಡುವವರು ಬೇರೆ

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯ ಮೇಲೆ ಮಾಲಿನ ಗುಣಮಟ್ಟದ ತಕರಾರು ಎತ್ತಿ ಯಾರೋ ವಾಣಿಜ್ಯ ದಾವೆ ಹಾಕಿದ್ದಾರೆ ಎನ್ನಿ. ಇ-ಮೇಲ್, ಟ್ಯಾಲಿ ಡೇಟಾ, ಕ್ವಾಲಿಟಿ ವಿಭಾಗದ ಎಕ್ಸೆಲ್ ಶೀಟುಗಳು, ಸೂಪರ್‌ವೈಸರ್‌ಗಳ ವಾಟ್ಸಾಪ್ ಗ್ರೂಪು ಎಲ್ಲ ಸೇರಿ ಇನ್ನೂರು ಮುನ್ನೂರು ಜಿಬಿ ಆಗುವುದು ಈಗ ದೊಡ್ಡ ಮಾತಲ್ಲ. ವಕೀಲರ ಗುಮಾಸ್ತರು ಕೂತು ಪ್ರಿಂಟ್ ತೆಗೆದು ಮುಗಿಸುವ ಕೆಲಸವಲ್ಲ ಅದು. ಅಂಥ ಡಿಜಿಟಲ್ ದಾಖಲೆಗಳನ್ನು ಸಂಗ್ರಹಿಸಿ, ಸೋಸಿ, ಕೇಸಿಗೆ ಬೇಕಾದವನ್ನು ಹುಡುಕಿಕೊಡುವ ಇ-ಡಿಸ್ಕವರಿ ವೆಂಡರ್, ಬೆಂಗಳೂರಿನದೋ ಪುಣೆಯದೋ, ಬೇಕಾಗುತ್ತದೆ. ಬಂದವರೆಲ್ಲ ಸಾಫ್ಟ್‌ವೇರಿನ ಡೆಮೊ ತೋರಿಸಿ ಹೋಗುತ್ತಾರೆ. ಸಾಫ್ಟ್‌ವೇರುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಈಗ ಕಡಿಮೆ. ಕೇಸು ಉಳಿಯುವುದೋ ಕೆಡುವುದೋ ಅದನ್ನು ನಡೆಸುವ ಪ್ರಾಜೆಕ್ಟ್ ಮ್ಯಾನೇಜರ್ ಕೈಯಲ್ಲಿದೆ, ಆ ಮನುಷ್ಯ ಡೆಮೊಗೆ ಬಂದಿರುವುದೇ ಇಲ್ಲ.

ಗಡುವಿನ ಲೆಕ್ಕ ಮೊದಲು ನೋಡಿ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ, 2015ರ ಪ್ರಕಾರ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಲು 30 ದಿನ, ನ್ಯಾಯಾಲಯ ಒಪ್ಪಿದರೆ ಹೆಚ್ಚೆಂದರೆ 120 ದಿನ. ಅದರ ಜೊತೆಗೇ ತನ್ನ ಬಳಿ ಇರುವ ಸಂಬಂಧಪಟ್ಟ ದಾಖಲೆಗಳ ಪಟ್ಟಿ ಕೊಡಬೇಕು, ತನಗೆ ವಿರುದ್ಧವಾದವನ್ನೂ ಸೇರಿಸಿ. ಪಟ್ಟಿಯಲ್ಲಿ ಬಿಟ್ಟುಹೋದ ಕಾಗದವನ್ನು ಆಮೇಲೆ ಆಧಾರ ಮಾಡಿಕೊಳ್ಳಲು ನ್ಯಾಯಾಲಯದ ಅನುಮತಿ ಬೇಕು. ಹಾಗಾಗಿ ವೆಂಡರ್ ಒಂದು ವಾರ ತಡ ಮಾಡಿದರೆ ಅದರ ಬೆಲೆ ಕಟ್ಟುವವರು ಕಕ್ಷಿದಾರರು.

ಮೊದಲ ಸಭೆಯಲ್ಲೇ ಕೇಳಿ: ನಮ್ಮ ಕೇಸಿನ ಪ್ರಾಜೆಕ್ಟ್ ಮ್ಯಾನೇಜರ್ ಯಾರು, ಹೆಸರು ಹೇಳಿ. "ತಂಡ ನೋಡಿಕೊಳ್ಳುತ್ತದೆ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದು ತಿಳಿಯಿರಿ. ಆ ವ್ಯಕ್ತಿಯ ಕೈಯಲ್ಲಿ ಈಗ ಎಷ್ಟು ಕೇಸುಗಳಿವೆ, ಅವುಗಳಲ್ಲಿ ಎಷ್ಟರ ಗಡುವು ನಮ್ಮದರ ಜೊತೆಗೇ ಬೀಳುತ್ತದೆ, ರಜೆ ಹಾಕಿದರೆ ಬದಲಿ ಯಾರು, ಆ ಬದಲಿ ವ್ಯಕ್ತಿ ವಾರದ ಕರೆಗಳಲ್ಲಿ ಇರುತ್ತಾರೆಯೇ? ಸರ್ಟಿಫಿಕೇಟುಗಳಿಗೆ ಬೆಲೆ ಇದೆ, ಇಲ್ಲವೆಂದಲ್ಲ. ಆದರೆ ಹದಿನೈದು ಕೇಸು ಒಟ್ಟಿಗೆ ಹೊತ್ತವರ ಸರ್ಟಿಫಿಕೇಟು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ಮಾತಿಗಿಂತ ಕಾಗದ ನಂಬಿ. ಹಳೆಯ ಕೇಸೊಂದರ ವಾರದ ವರದಿಯನ್ನು ಹೆಸರುಗಳನ್ನು ಅಳಿಸಿ ಕೊಡಲು ಹೇಳಿ. ಅದರಲ್ಲಿ ನೋಡಬೇಕಾದ್ದು ಲೆಕ್ಕ ತಾಳೆಯಾಗುತ್ತದೋ ಇಲ್ಲವೋ ಅಷ್ಟೇ. ಉದಾಹರಣೆಗೆ, ಬಂದ ಫೈಲುಗಳು 1,84,000. ಸಿಸ್ಟಮ್ ಫೈಲೆಂದು ತೆಗೆದದ್ದು 31,000, ಒಂದೇ ಫೈಲಿನ ನಕಲು ಪ್ರತಿಗಳು 62,000, ತಾರೀಖಿನ ಮಿತಿಗೆ ಹೊರಗಿನವು 27,000, ತೆರೆಯಲಾಗದವು 1,400. ಉಳಿದದ್ದು 62,600, ಅಷ್ಟೂ ಪರಿಶೀಲನೆಗೆ ಹೋಗಬೇಕು. ಆ 1,400ರ ಸಾಲು ವರದಿಯಲ್ಲೇ ಇಲ್ಲದಿದ್ದರೆ ಆ ವೆಂಡರ್ ಬೇಡ. ಪಾಸ್‌ವರ್ಡ್ ಹಾಕಿದ ಎಕ್ಸೆಲ್, ಕೆಟ್ಟುಹೋದ ಔಟ್‌ಲುಕ್ ಫೈಲು, ಅಕ್ಷರ ಗುರುತಿಸಲಾಗದ ಸ್ಕ್ಯಾನ್ ಎಲ್ಲ ಸೇರುವುದು ಅಲ್ಲಿಗೇ. ದರದ ಕೊಟೇಶನ್ನು ಪಾಸ್‌ವರ್ಡ್ ಹಾಕಿದ ಫೈಲಿನಲ್ಲೇ ಇರುತ್ತದೆ ಎನ್ನುವುದು ಈ ಕಸುಬಿನವರಿಗೆ ಗೊತ್ತಿದ್ದದ್ದೇ. ಅಂಥ ಪ್ರತಿ ಫೈಲಿನ ಮುಂದೆ ಯಾರು ಸರಿಪಡಿಸಬೇಕು, ಯಾವತ್ತಿನೊಳಗೆ ಎಂದು ಬರೆದಿರಬೇಕು.

ಅದೇ 62,600ನ್ನು ಮುಂದಕ್ಕೆ ಎಳೆಯಿರಿ. ಒಬ್ಬರು ಗಂಟೆಗೆ 50 ದಾಖಲೆ ನೋಡಿದರೆ 1,252 ಗಂಟೆ. ಆರು ಮಂದಿ ದಿನಕ್ಕೆ ಏಳು ಗಂಟೆಯಂತೆ ಕೂತರೆ 30 ಕೆಲಸದ ದಿನ. ಅದೇ ಆರು ಮಂದಿಯಿಂದ ಹತ್ತು ದಿನದಲ್ಲಿ ಮುಗಿಸುತ್ತೇವೆ ಎಂದವರಿಗೆ ಈ ಗುಣಾಕಾರವನ್ನು ಎದುರಿಗೇ ಮಾಡಿಸಿ. ಕೇಸಿಗೆ ಅಪ್ರಸ್ತುತವೆಂದು ಕಂಪ್ಯೂಟರೇ ಬದಿಗಿಟ್ಟ ರಾಶಿಯನ್ನು ಪರೀಕ್ಷಿಸುತ್ತೀರಾ ಎಂದೂ ಕೇಳಿ. ರಾಶಿ ಎಷ್ಟೇ ದೊಡ್ಡದಿರಲಿ, 95 ಪ್ರತಿಶತ ವಿಶ್ವಾಸಕ್ಕೆ, 5 ಪ್ರತಿಶತ ಹೆಚ್ಚುಕಡಿಮೆಯೊಳಗೆ, ಸುಮಾರು 385 ದಾಖಲೆಗಳ ಸ್ಯಾಂಪಲ್ ಸಾಕು, ಹೆಚ್ಚುಕಡಿಮೆಯನ್ನು 2.5ಕ್ಕೆ ಇಳಿಸಬೇಕಾದರೆ 1,537 ಬೇಕು. ಮ್ಯಾನೇಜರ್‌ಗೆ ಈ ಸಂಖ್ಯೆ ಬಾಯಿಪಾಠ ಇರಬೇಕಿಲ್ಲ, ಪ್ರಶ್ನೆ ಅರ್ಥವಾದರೆ ಸಾಕು.

ನಮ್ಮ ಕಡೆಯ ನಿಜವಾದ ಪರೀಕ್ಷೆ ಭಾಷೆಯದು. ಬೆಳಗಾವಿಯ ಒಂದೇ ಕಡತದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇರುತ್ತವೆ. ಹಳೆಯ ಕನ್ನಡ ಪತ್ರಗಳು ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತ) ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾಗಿರುತ್ತವೆ. ಪರದೆಯ ಮೇಲೆ ಕನ್ನಡವೇ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಂಥ ರಾಶಿಯಲ್ಲಿ "ತಿರಸ್ಕೃತ" ಎಂದು ಹುಡುಕಿದರೆ ಫಲಿತಾಂಶ ಸೊನ್ನೆ. ಅಂಥ ದಾಖಲೆಯೇ ಇಲ್ಲವೆಂದು ತಂಡ ಬರೆದುಕೊಡುತ್ತದೆ, ಮುಂದೊಂದು ದಿನ ಎದುರು ಪಕ್ಷದವರು ಅದೇ ಪತ್ರವನ್ನು ಮುಂದಿಡುತ್ತಾರೆ. ಯೂನಿಕೋಡಿಗೆ ಪರಿವರ್ತಿಸಿ, ಮೂಲವನ್ನು ಮುಟ್ಟದೆ ಹಾಗೇ ಇಟ್ಟು, ಪರಿವರ್ತಿತ ಪ್ರತಿಯಲ್ಲಿ ಹುಡುಕಬೇಕು. ಹಳೆಯ ಮರಾಠಿ ಫಾಂಟುಗಳಿಗೂ ಇದೇ ಮಾತು. ಇನ್ನು ವಾಟ್ಸಾಪಿನಲ್ಲಿ "ಮಾಲ್ ರಿಜೆಕ್ಟ್ ಆಗೇತಿ" ಎನ್ನುವುದನ್ನು ರೋಮನ್ ಲಿಪಿಯಲ್ಲಿ ನಾಲ್ಕು ಮಂದಿ ನಾಲ್ಕು ಥರ ಬರೆದಿರುತ್ತಾರೆ. ಹುಡುಕುಪದಗಳ ಪಟ್ಟಿ ಮಾಡುವಾಗ ನಮ್ಮ ಶಾಪ್‌ಫ್ಲೋರಿನ ಒಬ್ಬರನ್ನು ಕೂಡಿಸಿಕೊಳ್ಳುತ್ತೇವೆ ಎಂದು ತಾನಾಗಿ ಹೇಳುವ ಮ್ಯಾನೇಜರ್ ಸಿಕ್ಕರೆ ಬಿಡಬೇಡಿ.

ಸಮಯವಲಯ ಇನ್ನೊಂದು ಗುಂಡಿ. ಡೇಟಾದ ಸಂಸ್ಕರಣೆ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ, ನಡೆದರೆ ಭಾರತೀಯ ಸಮಯ ಮಧ್ಯರಾತ್ರಿಯಿಂದ ಬೆಳಿಗ್ಗೆ 5.30ರ ತನಕದ ಎಲ್ಲ ಇ-ಮೇಲುಗಳೂ ಹಿಂದಿನ ದಿನದ ತಾರೀಖಿಗೆ ಜಾರುತ್ತವೆ. ರಾತ್ರಿ ಪಾಳಿಯವರು ಏಪ್ರಿಲ್ 1ರ ನಸುಕಿನ 4 ಗಂಟೆಗೆ ಕಳಿಸಿದ ಡಿಸ್ಪ್ಯಾಚ್ ಮೇಲು ಮಾರ್ಚ್ 31ರದಾಗುತ್ತದೆ, ಅಂದರೆ ಹಿಂದಿನ ಆರ್ಥಿಕ ವರ್ಷದ್ದು. ನಕಲು ಪ್ರತಿಗಳನ್ನು ತೆಗೆದುಹಾಕುವುದೂ ಹೀಗೇ: ಎಲ್ಲರ ಇ-ಮೇಲ್ ಡಬ್ಬಿಗಳನ್ನು ಸೇರಿಸಿ ಒಂದೇ ಪ್ರತಿ ಉಳಿಸಿದರೆ, ಆ ಮೇಲು ಪರ್ಚೇಸ್ ಮ್ಯಾನೇಜರ್ ಬಳಿಯೂ ಇತ್ತು ಎಂಬ ಸಂಗತಿ ಅಳಿಸಿಹೋಗಬಹುದು. ಯಾರು ಯಾರ ಬಳಿ ಇತ್ತು ಎಂಬ ಕಾಲಂ ಉಳಿಸಬೇಕು. ಇವೆರಡನ್ನೂ ಸಂಸ್ಕರಣೆಗೆ ಮೊದಲೇ ನಿಮ್ಮನ್ನು ಕೇಳಿ, ಉತ್ತರವನ್ನು ಇ-ಮೇಲಿನಲ್ಲಿ ದಾಖಲಿಸುವುದು ಮ್ಯಾನೇಜರ್ ಕೆಲಸ.

ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ, ಅದರ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎರಡು ಭಾಗ: ಒಂದು ದಾಖಲೆ ಹಾಜರುಪಡಿಸುವವರದು, ಇನ್ನೊಂದು ತಜ್ಞರದು. ಎರಡರಲ್ಲೂ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲು ಚೂರು ಬದಲಾದರೂ ಇದು ಬದಲಾಗುತ್ತದೆ) ಮತ್ತು ಅದನ್ನು ತೆಗೆದ ವಿಧಾನ ನಮೂದಿಸಬೇಕು. ತಜ್ಞರ ಭಾಗಕ್ಕೆ ಸಹಿ ಹಾಕುವವರು ಯಾರು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಕಾರ್ಖಾನೆಯಲ್ಲಿ ಡೇಟಾ ಎತ್ತಿದ ಕ್ಷಣದ ಹ್ಯಾಶ್, ಹಾರ್ಡ್‌ಡಿಸ್ಕಿನ ಸೀರಿಯಲ್ ನಂಬರು, ಯಾರಿಂದ ಯಾರ ಕೈಗೆ ಯಾವಾಗ ಹೋಯಿತು ಎಂಬ ಹಸ್ತಾಂತರ ಪಟ್ಟಿ ಇಲ್ಲದಿದ್ದರೆ, ಮೇಲ್ಮನವಿ ಧಾರವಾಡ ಪೀಠ ತಲುಪುವ ಹೊತ್ತಿಗೆ ಡೇಟಾ ಎತ್ತಿದ ಹುಡುಗ ಕೆಲಸ ಬಿಟ್ಟಿರುತ್ತಾನೆ, ಕಾಗದವೂ ಇರುವುದಿಲ್ಲ.

ದರದ ಬಗ್ಗೆ ಒಂದೇ ಮಾತು. ಜಿಬಿ ಲೆಕ್ಕ ಜಿಪ್ ಮಾಡಿ ಕುಗ್ಗಿಸಿದ ಫೈಲು ಬಿಚ್ಚುವ ಮೊದಲಿನದೋ ನಂತರದ್ದೋ ಎಂದು ಬರೆಸಿಕೊಳ್ಳಿ, ಬಿಲ್ಲಿನಲ್ಲಿ ಅಚ್ಚರಿ ಹುಟ್ಟುವುದು ಅಲ್ಲೇ.

ಕೊನೆಗೆ ಒಂದು ಸನ್ನಿವೇಶ ಕೊಟ್ಟು ಸುಮ್ಮನೆ ಕೇಳಿಸಿಕೊಳ್ಳಿ: ಶನಿವಾರ ಸಂಜೆ ಆರಕ್ಕೆ ಕಾರ್ಖಾನೆಯ ಹಳೆಯ ಸರ್ವರೊಂದು ಸಿಕ್ಕಿದೆ, ಸೋಮವಾರ ಪಟ್ಟಿ ಸಲ್ಲಿಸಬೇಕು. "ಮಾಡಿಬಿಡೋಣ ಸರ್" ಎಂದವರಿಗಿಂತ ಸರ್ವರಿನಲ್ಲಿ ಎಷ್ಟು ಡೇಟಾ ಇದೆ, ಅದನ್ನು ಆನ್ ಮಾಡಿದವರು ಯಾರು, ಯಾವ ಫೋಲ್ಡರಿನಿಂದ ಶುರು ಮಾಡಬೇಕು, ಹೆಚ್ಚಿನ ಸಮಯಕ್ಕೆ ವಕೀಲರು ಅರ್ಜಿ ಹಾಕುತ್ತಾರೆಯೇ ಎಂದು ತಿರುಗಿ ಕೇಳಿದವರನ್ನು ಆರಿಸಿ. ಒಪ್ಪಂದದಲ್ಲಿ ಅವರ ಹೆಸರನ್ನೇ ಬರೆಸಿ. ನಡುವೆ ಬದಲಾಯಿಸಬೇಕಾದರೆ ನಿಮ್ಮ ಒಪ್ಪಿಗೆ ಬೇಕು, ಹಳಬರು ಹೊಸಬರ ಜೊತೆ ಎರಡು ವಾರ ನಿಮ್ಮಿಂದ ಶುಲ್ಕ ಪಡೆಯದೆ ಕೆಲಸ ಮಾಡಬೇಕು ಎಂಬ ಷರತ್ತನ್ನೂ ಸೇರಿಸಿ.