ದಪ್ಪ ಎರೆಹುಳು, ಪುಟ್ಟ ಬಾಯಿ: ಕೊನೆಗೂ ನುಂಗಿದಳು ಚುಕ್ಕಿ

ಮೂರು ವಾರದ ಒದ್ದಾಟ ಇವತ್ತು ಮುಗಿಯಿತು. ನನ್ನ ಸಾಕು ನ್ಯೂಟ್ (ನೀರಲ್ಲಿರುವ, ಹಲ್ಲಿಯ ಆಕಾರದ ಉಭಯಚರ) ಚುಕ್ಕಿ ಎರೆಹುಳುವಿನ ತುಂಡನ್ನು ಉಗುಳದೆ ಪೂರ್ತಿ ನುಂಗಿದಳು. ಖುಷಿಗೆ ಕೂಗಿಬಿಟ್ಟೆ!

ಟ್ಯಾಂಕ್, ಫಿಲ್ಟರ್, 18 ಡಿಗ್ರಿ ನೀರು, ಅದೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ನನ್ನವು ಎರಡೂ, ಚುಕ್ಕಿ ಮತ್ತು ಗುಂಡ, ಫೈರ್‌ಬೆಲ್ಲಿ ನ್ಯೂಟ್‌ಗಳು, ಬಾಯಿ ಚಿಕ್ಕದು. ಅದಕ್ಕೇ ಸಣ್ಣ ಹುಳು ಬೇಕು ಅಂತ ಮಾರುವವರಿಗೆ ಎರಡು ಸಲ ಬರೆದು ಹೇಳಿದ್ದೆ. ಡಬ್ಬಿ ತೆರೆದರೆ ಪೆನ್ಸಿಲ್ ದಪ್ಪದ ನೈಟ್‌ಕ್ರಾಲರ್ ಎರೆಹುಳುಗಳು. ಅದಕ್ಕೂ ಹಿಂದಿನ ಸಲ ಬಂದದ್ದು ಗೊಬ್ಬರದ ಕೆಂಪು ಹುಳು. ಅದನ್ನು ಮುಟ್ಟಿದರೆ ಸಾಕು ಹಳದಿ ರಸ ಬಿಡುತ್ತದೆ, ನ್ಯೂಟ್‌ಗಳು ಬಾಯಿಗೆ ಹಾಕಿದ ತಕ್ಷಣ ಉಗುಳಿದವು. ಆರ್ಡರ್‌ನಲ್ಲಿ ಏನಿದೆ ಅಂತ ಒಮ್ಮೆ ಓದಿ ಕಳಿಸಬಾರದಾ?

ದಪ್ಪ ಹುಳುವನ್ನು ಚಿಕ್ಕದಾಗಿ ಕತ್ತರಿಸಿದರೆ ಆಯ್ತು ಅಂದುಕೊಂಡು ಅರ್ಧ ಸೆಂಟಿಮೀಟರ್ ತುಂಡು ಮಾಡಿದೆ. ತಪ್ಪಾಗಿದ್ದು ಇಲ್ಲೇ. ಕತ್ತರಿ ಬಿದ್ದ ಕೂಡಲೇ ಹುಳು ಮುದುಡಿಕೊಳ್ಳುತ್ತದೆ, ಉದ್ದ ಕಡಿಮೆಯಾಗಿ ದಪ್ಪ ಜಾಸ್ತಿಯಾಗುತ್ತದೆ, ತುಂಡು ಗೋಲಿಯ ಹಾಗೆ ಆಗಿಬಿಡುತ್ತದೆ. ನ್ಯೂಟ್‌ಗೆ ಅಗಿಯಲು ಬರುವುದಿಲ್ಲ, ಹಲ್ಲು ಇರುವುದು ಹಿಡಿದುಕೊಳ್ಳಲು ಮಾತ್ರ, ಅಲ್ವಾ? ಪಾಪ ಚುಕ್ಕಿ, ತಲೆ ಕೊಡವಿ ಕೊಡವಿ ಸುಸ್ತಾಗಿ ಬಿಟ್ಟುಬಿಡುತ್ತಿದ್ದಳು.

ಉದ್ದ ತುಂಡು ಹಾಕಿದರೆ ಇನ್ನೊಂದು ಕಾಟ. ನಡುವೆ ಅಡ್ಡ ಕಚ್ಚುತ್ತಾಳೆ, ತುಂಡು ಎರಡು ಮಡಿಕೆಯಾಗಿ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ಗುಂಡ ಬಂದು ಒಂದು ತುದಿ ಹಿಡಿದು ಎಳೆಯುತ್ತಾನೆ. ಹೋದ ವಾರ ಹುಳು ಅಂತ ಅವಳ ಮುಂಗಾಲನ್ನೇ ಕಚ್ಚಿದ. ನ್ಯೂಟ್‌ಗೆ ಕಾಲು ಹೋದರೂ ಮತ್ತೆ ಬೆಳೆಯುತ್ತದೆ, ಗೊತ್ತು. ಆದರೂ ನನಗೆ ನೋಡಲಾಗಲಿಲ್ಲ.

ಇವತ್ತು ಚುಕ್ಕಿಯನ್ನು ಬೇರೆ ಡಬ್ಬಿಗೆ ಬಿಟ್ಟೆ, ಟ್ಯಾಂಕ್ ನೀರನ್ನೇ ಸ್ವಲ್ಪ ಹಾಕಿ. ಹುಳುವಿನ ತಲೆ ಕಡೆ ಇರುವ ದಪ್ಪ ಪಟ್ಟಿಯನ್ನು ತೆಗೆದುಹಾಕಿದೆ. ಉಳಿದದ್ದರಲ್ಲಿ ಎರಡು ಸೆಂಟಿಮೀಟರ್ ತುಂಡು ಮಾಡಿ, ಅದನ್ನು ಉದ್ದಕ್ಕೆ ಸೀಳಿ, ಲೋಳೆ ಹೋಗುವವರೆಗೆ ತೊಳೆದೆ. ಅವಳ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಅಗಲ ಇರಬಾರದು, ಅದೇ ಅಳತೆ. ಆಮೇಲೆ ಪ್ಲಾಸ್ಟಿಕ್ ಚಿಮಟದಲ್ಲಿ ಒಂದು ತುದಿ ಹಿಡಿದು ಇನ್ನೊಂದು ತುದಿಯನ್ನು ಮೂತಿಯ ಎದುರು ನಿಧಾನವಾಗಿ ಅಲ್ಲಾಡಿಸಿದೆ. ತುದಿ ನೇರ ಒಳಗೆ ಹೋಯಿತು! ಅರ್ಧ ಹೋದ ಮೇಲೆ ಚಿಮಟ ಬಿಟ್ಟೆ. ಒಂದೊಂದು ಗುಟುಕಿಗೂ ಕಣ್ಣು ಒಳಗಿಳಿದು ಮೇಲೆ ಬರುತ್ತಿತ್ತು. ಅಷ್ಟು ಮುದ್ದಾಗಿತ್ತು.

ಅಂದ ಹಾಗೆ, ಅವಳ ಹೊಟ್ಟೆ ದುಂಡಗಾಗಿದೆ. ಮೊಟ್ಟೆ ಇಡಬಹುದು ಅನ್ನುವ ಆಸೆ. ಹಿಂಗಾಲಿನಲ್ಲಿ ಎಲೆ ಮಡಚಿ ಒಂದೊಂದೇ ಮೊಟ್ಟೆ ಸುತ್ತಿಡುವುದನ್ನು ಕಣ್ಣಾರೆ ನೋಡಬೇಕು. ಮರಿಗಳಿಗೆ ಜೀವಂತ ಆಹಾರ ಬೇಕಲ್ಲ, ಅದಕ್ಕೆ ಡ್ಯಾಫ್ನಿಯಾ (ನೀರಿನ ಪುಟಾಣಿ ಜೀವಿ) ಸಾಕುವ ಬಕೆಟ್ ಈಗಲೇ ಶುರು ಮಾಡಬೇಕು. ಅದಕ್ಕೆ ತಿನ್ನಲು ಪಾಚಿಯ ಹಸಿರು ನೀರು ಕಟ್ಟುವುದಕ್ಕೇ ದಿನ ಹಿಡಿಯುತ್ತದೆ. ಬಿಳಿ ಹುಳು ಸಾಕುವ ಡಬ್ಬಿಯೂ ಪಟ್ಟಿಯಲ್ಲಿದೆ, ಆಗ ಮಾರುವವರನ್ನು ಕಾಯಬೇಕಿಲ್ಲ.

ನಾಳೆ ಗುಂಡನ ಸರದಿ. ಅವನು ಚಿಮಟವನ್ನೇ ಕಚ್ಚುವವನು, ಅದರ ತುದಿಗೆ ಮೆತ್ತನೆಯ ಟ್ಯೂಬ್ ಹಾಕಿಟ್ಟಿದ್ದೇನೆ.